ಒಂದು ಸಲಕ್ಕೆ 20 ಕೆ.ಜಿ. ಬೀಡು: ಪುಟ್ಟ ಕ್ಯೂಪೊಲಾ ಕುಲುಮೆಯನ್ನು ಲೆಕ್ಕ ಹಾಕಿ ಕಟ್ಟುವ ಬಗೆ

ಅಡುಗೆಮನೆಯ ಬೀಡಿನ, ಅಂದರೆ ಎರಕದ ಕಬ್ಬಿಣದ, ದೋಸೆ ಕಾವಲಿಯನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿ. ಎರಡೂವರೆ, ಮೂರು ಕೆ.ಜಿ. ತೂಗುತ್ತದೆ. ಅಂಥ ಐದಾರು ಕಾವಲಿ ಎರಕ ಹೊಯ್ಯಲು ಬೇಕಾಗುವ ಬೀಡು ಸುಮಾರು 20 ಕೆ.ಜಿ. ಅಷ್ಟನ್ನು ಕರಗಿಸಿ, ಹೊಯ್ದು, ಮತ್ತೆ ಐದಾರು ನಿಮಿಷಕ್ಕೆ ಇನ್ನೊಂದು 20 ಕೆ.ಜಿ. ಕೊಡುವ ಕುಲುಮೆಯನ್ನು ವಿನ್ಯಾಸ ಮಾಡುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಾನು ಎರಕದ ಕೆಲಸ ಕಲಿತದ್ದು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ. ಅಲ್ಲಿನ ದೊಡ್ಡ ಕುಲುಮೆಗೂ ಈ ಪುಟ್ಟ ಕುಲುಮೆಗೂ ಲೆಕ್ಕ ಒಂದೇ. ಅಳತೆ ಮಾತ್ರ ಬೇರೆ.

ಒಂದು ಮಾತು ಮೊದಲೇ ಹೇಳುತ್ತೇನೆ. ತುಂಬಾ ಜನ ಕುಲುಮೆ ಅಂದ ಕೂಡಲೇ ಇಟ್ಟಿಗೆ, ತಗಡು, ಇದ್ದಿಲು ಅಂತ ಹುಡುಕಲು ಹೊರಡುತ್ತಾರೆ. ಶುರು ಮಾಡಬೇಕಾದದ್ದು ಗಾಳಿಯಿಂದ. ನಿಮಿಷಕ್ಕೆ ಎಷ್ಟು ಗಾಳಿ ಒಳಗೆ ಹೋಗುತ್ತದೆ ಅನ್ನುವುದರ ಮೇಲೆ ಎಷ್ಟು ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಗಟ್ಟಿ ಇಂಧನ) ಉರಿಯುತ್ತದೆ, ಎಷ್ಟು ಬೀಡು ಕರಗುತ್ತದೆ, ಕರಗಿದ ಬೀಡನ್ನು ಹೊರಬಿಡಲು ಎಷ್ಟು ಹೊತ್ತಿಗೊಮ್ಮೆ ಬಾಯಿ ಬಿಚ್ಚಬೇಕು, ಎಲ್ಲವೂ ನಿಂತಿದೆ.

ಯಾವ ಕಬ್ಬಿಣ, ಯಾವ ಕುಲುಮೆ

ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಬೀಡಿನಲ್ಲಿ ಶೇ. 3ರಿಂದ 4ರಷ್ಟು ಕಾರ್ಬನ್, ಶೇ. 2ರ ಆಸುಪಾಸು ಸಿಲಿಕಾನ್ ಇರುತ್ತದೆ. ಹಾಗಾಗಿ ಅದು 1150 ಡಿಗ್ರಿ ಹತ್ತಿರವೇ ಕರಗಲು ಶುರುವಾಗುತ್ತದೆ. ಆದರೆ ಕರಗಿದರೆ ಸಾಲದು, ಅಚ್ಚಿನ ಮೂಲೆಮೂಲೆಗೂ ನೀರಿನಂತೆ ಹರಿಯಬೇಕು. ಕುಲುಮೆಯಿಂದ ಹೊರಬರುವಾಗ 1400 ಡಿಗ್ರಿ ದಾಟಿರಬೇಕು, 1450 ಇದ್ದರೆ ಒಳ್ಳೆಯದು.

ಐದಾರು ಕೆ.ಜಿ. ಸಾಕು ಅನ್ನುವವರು ಮೂಸೆ ಇಟ್ಟು ಎಣ್ಣೆ ಬರ್ನರ್‌ನಲ್ಲಿ ಕರಗಿಸಬಹುದು. ನಿಧಾನ, ಮತ್ತು ಬೀಡಿನ ಕಾವಿಗೆ ಮೂಸೆ ಬೇಗ ಸವೆಯುತ್ತದೆ. ಇಂಡಕ್ಷನ್ ಕುಲುಮೆ ಒಳ್ಳೆಯದೇ, ಬೆಲೆ ಜಾಸ್ತಿ. ಉಳಿದದ್ದು ಕ್ಯೂಪೊಲಾ: ನೆಟ್ಟಗೆ ನಿಂತ ಒಂದು ಕೊಳವೆ, ಒಳಗೆ ಕೋಕ್ ಮತ್ತು ಬೀಡು ಪದರಪದರವಾಗಿ, ಕೆಳಗಿಂದ ಗಾಳಿ. 1794ರಲ್ಲಿ ಇಂಗ್ಲೆಂಡಿನ ಜಾನ್ ವಿಲ್ಕಿನ್ಸನ್ ಇದಕ್ಕೆ ಪೇಟೆಂಟ್ ಪಡೆದ. ಅಂದಿನಿಂದ ಮೂಲ ರೂಪ ಹೆಚ್ಚು ಬದಲಾಗಿಲ್ಲ.

ಒಳವ್ಯಾಸ ಮತ್ತು ಗಾಳಿಯ ಲೆಕ್ಕ

ಒಳವ್ಯಾಸ 250 ಮಿ.ಮೀ. ಇಟ್ಟುಕೊಳ್ಳೋಣ, ಅಂದರೆ 10 ಇಂಚು. ಇದಕ್ಕಿಂತ ಚಿಕ್ಕದು ಮಾಡಿದರೆ ಸರಕು ಗೋಡೆಗಳ ನಡುವೆ ಸಿಕ್ಕಿ ನೇತಾಡುತ್ತದೆ, ಶಾಖವೂ ಗೋಡೆಗೇ ಹೋಗುತ್ತದೆ. ಕಲಿಯುವವರು 10 ಇಂಚಿಗಿಂತ ಕೆಳಗೆ ಇಳಿಯಬಾರದು ಅನ್ನುವುದು ನನ್ನ ಅಭಿಪ್ರಾಯ.

250 ಮಿ.ಮೀ. ವ್ಯಾಸದ ಅಡ್ಡಕೊಯ್ತದ ವಿಸ್ತೀರ್ಣ 0.049 ಚದರ ಮೀಟರ್. ಒಂದು ಚದರ ಮೀಟರಿಗೆ ನಿಮಿಷಕ್ಕೆ 100 ಘನ ಮೀಟರ್ ಗಾಳಿ ಅನ್ನುವುದು ಇಂಥ ಕುಲುಮೆಗೆ ಒಳ್ಳೆಯ ಆರಂಭ. ನಮ್ಮ ಪಾಲಿಗೆ ಬರುವುದು ನಿಮಿಷಕ್ಕೆ 4.9 ಘನ ಮೀಟರ್, ಗಂಟೆಗೆ ಹತ್ತಿರ ಹತ್ತಿರ 295. ಗಾಳಿ ಊದುವ ಬ್ಲೋವರ್ ಮಾರುವ ಅಂಗಡಿಯಲ್ಲಿ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ) ಲೆಕ್ಕದಲ್ಲಿ ಕೇಳುತ್ತಾರೆ. ಅದು 173.

ಒಂದು ಕೆ.ಜಿ. ಕಾರ್ಬನ್ ಪೂರ್ತಿ ಉರಿಯಲು ಸುಮಾರು 11.5 ಕೆ.ಜಿ. ಗಾಳಿ ಬೇಕು. ಆದರೆ ಕೋಕ್‌ನಲ್ಲಿ ಬೂದಿಯೂ ಇರುತ್ತದೆ. ಜೊತೆಗೆ ಉರಿದು ಬಂದ ಕಾರ್ಬನ್ ಡೈಆಕ್ಸೈಡ್ ಮೇಲಿನ ಕೆಂಡಕ್ಕೆ ತಾಗಿ ಒಂದಿಷ್ಟು ಮತ್ತೆ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಇದೆಲ್ಲ ಸೇರಿಸಿದರೆ ಒಂದು ಕೆ.ಜಿ. ಕೋಕ್‌ಗೆ ಸುಮಾರು 7 ಘನ ಮೀಟರ್ ಗಾಳಿ ಅಂತ ಹಿಡಿಯಬಹುದು. ಹಾಗಾದರೆ 295 ಘನ ಮೀಟರ್ ಗಾಳಿ ಗಂಟೆಗೆ 42 ಕೆ.ಜಿ. ಕೋಕ್ ಉರಿಸುತ್ತದೆ. ಒಂದು ಪಾಲು ಕೋಕ್‌ಗೆ ಐದು ಪಾಲು ಬೀಡು ಹಾಕಿದರೆ ಗಂಟೆಗೆ 210 ಕೆ.ಜಿ. ಕರಗುತ್ತದೆ. ದೊಡ್ಡ ಕುಲುಮೆಗಳಲ್ಲಿ ಒಂದಕ್ಕೆ ಎಂಟು, ಹತ್ತು ಪಾಲು ಹಾಕುತ್ತಾರೆ. ನಮ್ಮದು ಚಿಕ್ಕದು, ಗೋಡೆಗೆ ಹೋಗುವ ಶಾಖ ಜಾಸ್ತಿ. ಕೋಕ್ ಉಳಿಸಲು ಹೋದರೆ ಬೀಡು ತಣ್ಣಗೆ ಬರುತ್ತದೆ, ಇಡೀ ದಿನದ ಅಚ್ಚು ಹಾಳಾಗುತ್ತದೆ.

ಬ್ಲೋವರ್ ಕೊಳ್ಳುವಾಗ ಗಾಳಿಯ ಪ್ರಮಾಣ ಮಾತ್ರ ನೋಡಬೇಡಿ, ಒತ್ತಡವನ್ನೂ ಕೇಳಿ. ಒಂದೂವರೆ ಮೀಟರ್ ಎತ್ತರದ ಕೋಕ್ ರಾಶಿಯನ್ನು ತೂರಿಕೊಂಡು ಗಾಳಿ ಮೇಲೇಳಬೇಕು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್‌ಗೆ ಆ ಶಕ್ತಿ ಇಲ್ಲ. ನೀರಿನ ಮಟ್ಟದ ಲೆಕ್ಕದಲ್ಲಿ 300 ಮಿ.ಮೀ. ಒತ್ತಡದಲ್ಲೂ 200 ಸಿಎಫ್‌ಎಂ ಕೊಡುವ, 1 ಎಚ್‌ಪಿ ಮೋಟರಿನ ಸೆಂಟ್ರಿಫ್ಯೂಗಲ್ ಬ್ಲೋವರ್ ಸಾಕು. ಹೊರಬಾಯಿಗೆ ತೆರೆದು ಮುಚ್ಚುವ ತಗಡಿನ ಗೇಟ್ ಹಾಕಿ. ಒತ್ತಡ ಅಳೆಯಲು ದುಬಾರಿ ಮೀಟರ್ ಬೇಡ. ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ, ಅರ್ಧ ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಗಾಳಿಪೆಟ್ಟಿಗೆಗೆ ಜೋಡಿಸಿ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ 200ರಿಂದ 250 ಮಿ.ಮೀ. ಆಸುಪಾಸಿನಲ್ಲಿದ್ದರೆ ಕುಲುಮೆ ಸರಿಯಾಗಿ ಉಸಿರಾಡುತ್ತಿದೆ ಅಂತ ಅರ್ಥ. ವ್ಯತ್ಯಾಸ ದಿಢೀರ್ ಏರಿದರೆ ಒಳಗೆ ಏನೋ ಕಟ್ಟಿಕೊಂಡಿದೆ.

ಗಾಳಿ ಒಳಗೆ ಹೋಗುವ ಕೊಳವೆಗೆ ಟ್ವಿಯರ್ ಅನ್ನುತ್ತಾರೆ. ಇವುಗಳ ಒಟ್ಟು ಬಾಯಿ ಕುಲುಮೆಯ ವಿಸ್ತೀರ್ಣದ ಹತ್ತನೇ ಒಂದರಷ್ಟು ಇರುವಂತೆ ನಾನು ಇಡುತ್ತೇನೆ. ಒಳಗೆ 40 ಮಿ.ಮೀ. ಬಾಯಿ ಇರುವ ಒಂದೂವರೆ ಇಂಚಿನ ಪೈಪು ನಾಲ್ಕು ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಒಳಮುಖವಾಗಿ ಐದಾರು ಡಿಗ್ರಿ ಕೆಳಕ್ಕೆ ಬಾಗಿಸಿ, ಕರಗಿದ ಕಿಟ್ಟ (ಬೂದಿ, ಮಣ್ಣು ಕರಗಿ ಆಗುವ ಕಲ್ಮಶ) ಪೈಪಿನೊಳಗೆ ಹಿಂದಕ್ಕೆ ಹರಿಯದಿರಲಿ.

ಎತ್ತರಗಳು

ಕೆಳಗಿನಿಂದ ಮೇಲಕ್ಕೆ ಹೋಗೋಣ. ತಳದ ಬಾಗಿಲ ಮೇಲೆ 90 ಮಿ.ಮೀ. ಮರಳಿನ ಹಾಸು. ಅದರ ಮೇಲಿಂದ 150 ಮಿ.ಮೀ. ಎತ್ತರಕ್ಕೆ ಕಿಟ್ಟ ಹೊರಹೋಗುವ ತೂತು. ಅಲ್ಲಿಂದ 70 ಮಿ.ಮೀ. ಮೇಲೆ ಟ್ವಿಯರ್.

150 ಮಿ.ಮೀ. ಅಂತ ಸುಮ್ನೆ ಹೇಳಿದ್ದಲ್ಲ. ಈ ಜಾಗ ಕರಗಿದ ಬೀಡು ನಿಲ್ಲುವ ಬಾವಿ. ಅದರ ಗಾತ್ರ ಹೆಚ್ಚುಕಡಿಮೆ 7.4 ಲೀಟರ್. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜಾಗವನ್ನು ಕೋಕ್ ತುಂಡುಗಳೇ ಹಿಡಿದಿರುತ್ತವೆ. ಉಳಿಯುವುದು 3.3 ಲೀಟರ್. ಕರಗಿದ ಬೀಡು ಲೀಟರಿಗೆ 7 ಕೆ.ಜಿ. ಹತ್ತಿರ ತೂಗುತ್ತದೆ, ಹಾಗಾಗಿ ಬಾವಿಯಲ್ಲಿ 23 ಕೆ.ಜಿ. ಹಿಡಿಸುತ್ತದೆ. 20 ಕೆ.ಜಿ.ಗೆ ಬಾಯಿ ಬಿಚ್ಚಿದರೆ ಮೇಲೆ ಸ್ವಲ್ಪ ಜಾಗ ಉಳಿದಿರುತ್ತದೆ. ಗಂಟೆಗೆ 210 ಕೆ.ಜಿ. ಲೆಕ್ಕದಲ್ಲಿ 20 ಕೆ.ಜಿ. ಸೇರಲು ಆರು ನಿಮಿಷ ಸಾಕು. ನಿಮಗೆ 40 ಕೆ.ಜಿ. ಒಟ್ಟಿಗೆ ಬೇಕಿದ್ದರೆ ಬಾವಿ ಆಳ ಮಾಡಬಹುದು, ಆದರೆ ಆಳವಾದಷ್ಟೂ ಕೆಳಗಿನ ಬೀಡು ತಣ್ಣಗಾಗುತ್ತದೆ.

ಟ್ವಿಯರ್‌ನಿಂದ ಮೇಲಕ್ಕೆ ಒಳವ್ಯಾಸದ ಐದು ಪಟ್ಟು, ಅಂದರೆ 1.25ರಿಂದ 1.3 ಮೀಟರ್ ಎತ್ತರ ಇರಲಿ. ಮೇಲೇರುವ ಬಿಸಿಗಾಳಿ ಕೆಳಗಿಳಿಯುವ ಬೀಡನ್ನು ಕಾಯಿಸಲು ಇಷ್ಟು ದಾರಿ ಬೇಕು. ಒಟ್ಟು ಕೊಳವೆ 1.6 ಮೀಟರ್. ಕೆಳಗೆ 650 ಮಿ.ಮೀ. ಕಾಲು.

ತಗಡು, ಗಾಳಿಪೆಟ್ಟಿಗೆ, ತಳದ ಬಾಗಿಲು

ಹೊರಕವಚಕ್ಕೆ 4 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ತಗಡನ್ನು 450 ಮಿ.ಮೀ. ವ್ಯಾಸಕ್ಕೆ ರೋಲ್ ಮಾಡಿಸಿ. ಫ್ಯಾಬ್ರಿಕೇಷನ್ ಶೆಡ್‌ನಲ್ಲಿ ಅರ್ಧ ದಿನದ ಕೆಲಸ. ಹಳೇ ಡ್ರಮ್ಮು ಬಳಸಬೇಡಿ. ಒಳಗೋಡೆ, ಕವಚ, ಕಾಲು ಸೇರಿ ಹತ್ತಿರ ಅರ್ಧ ಟನ್ ತೂಗುತ್ತದೆ, ಒಂದು ಮಿ.ಮೀ. ತಗಡು ಅದನ್ನು ಹೊರುವುದಿಲ್ಲ.

ಟ್ವಿಯರ್ ಸುತ್ತ 150 ಮಿ.ಮೀ. ಎತ್ತರದ ಉಂಗುರದಂಥ ಗಾಳಿಪೆಟ್ಟಿಗೆ ಬೆಸೆಯಿರಿ. ಪ್ರತಿ ಟ್ವಿಯರ್‌ಗೆ ನೇರ ಎದುರಿಗೆ ಪೆಟ್ಟಿಗೆಯ ಹೊರಗೋಡೆಯಲ್ಲಿ ತೆರೆಯಬಹುದಾದ ಮುಚ್ಚಳ ಇರಬೇಕು, ಮುಚ್ಚಳದಲ್ಲಿ ಒಳಗೆ ನೋಡಲು ಕಪ್ಪು ವೆಲ್ಡಿಂಗ್ ಗಾಜು. ಒಂದು ಟ್ವಿಯರನ್ನು ಉಳಿದವುಗಳಿಗಿಂತ 15 ಮಿ.ಮೀ. ಕೆಳಗೆ ಇಟ್ಟು, ಅದರ ಕೆಳಗೆ ಪೆಟ್ಟಿಗೆಯ ತಳದಲ್ಲಿ ಒಂದು ತೂತು ಕೊರೆದು ತೆಳು ಸೀಸದ ಹಾಳೆ ಮುಚ್ಚಿ. ಕಿಟ್ಟ ತುಂಬಿ ಉಕ್ಕಿದರೆ ಮೊದಲು ಆ ಟ್ವಿಯರ್‌ಗೆ ಬರುತ್ತದೆ, ಸೀಸ ಕರಗಿ ಕಿಟ್ಟ ನೆಲಕ್ಕೆ ಸುರಿಯುತ್ತದೆ. ಪೆಟ್ಟಿಗೆ ಉಳಿಯುತ್ತದೆ.

ತಳಕ್ಕೆ ಕೀಲು ಹಾಕಿದ ಎರಡು ಅರ್ಧಚಂದ್ರ ಬಾಗಿಲು. ಕೆಳಗಿಂದ ಒಂದು ಕಬ್ಬಿಣದ ಪೈಪಿನ ಊರೆ. ಊರೆಗೆ ಬಳೆಯೊಂದನ್ನು ಬೆಸೆದು, ಮೂರು ಮೀಟರ್ ದೂರದಿಂದ ಕೊಕ್ಕೆ ಹಾಕಿ ಎಳೆಯುವಂತಿರಲಿ.

ಒಳಗೋಡೆ

450ರ ಕವಚ, 250ರ ಒಳವ್ಯಾಸ. ಸುತ್ತ 100 ಮಿ.ಮೀ. ಗೋಡೆ. ನೇರ ಫೈರ್ ಬ್ರಿಕ್ (ಶಾಖ ತಡೆಯುವ ಇಟ್ಟಿಗೆ) ಇಷ್ಟು ಚಿಕ್ಕ ವೃತ್ತಕ್ಕೆ ಕೂರುವುದಿಲ್ಲ, ಸಂದಿಗಳಲ್ಲಿ ಕಿಟ್ಟ ನುಗ್ಗುತ್ತದೆ. ಹೈ ಅಲ್ಯುಮಿನಾ ಕ್ಯಾಸ್ಟಬಲ್, ಅಂದರೆ ಕಾಂಕ್ರೀಟಿನಂತೆ ನೀರಲ್ಲಿ ಕಲಸಿ ತುಂಬುವ, ಶಾಖ ತಡೆಯುವ ಪುಡಿ ಹಾಕುವುದು ಸುಲಭ. 250 ಮಿ.ಮೀ. ಪಿವಿಸಿ ಪೈಪಿಗೆ ಎಣ್ಣೆ ಸವರಿದ ಪೇಪರ್ ಸುತ್ತಿ ನಡುವೆ ನಿಲ್ಲಿಸಿ, ಸುತ್ತ ತುಂಬುತ್ತಾ ಕೋಲಿನಿಂದ ಕುಟ್ಟಿ. ಗಟ್ಟಿಯಾದ ಮೇಲೆ ಪೈಪು ಹೊರತೆಗೆಯಿರಿ. 25 ಕೆ.ಜಿ.ಯ ಚೀಲ ಹದಿನೈದು ಬೇಕಾಗುತ್ತದೆ. ಖರ್ಚು ಜಾಸ್ತಿ ಅನ್ನಿಸಿದರೆ ಟ್ವಿಯರ್ ಕೆಳಗಿಂದ ಅದರ ಮೇಲೆ ಅರ್ಧ ಮೀಟರ್‌ವರೆಗೆ ಮಾತ್ರ ಕ್ಯಾಸ್ಟಬಲ್ ಹಾಕಿ. ಅತಿ ಹೆಚ್ಚು ಸವೆಯುವುದು ಅಲ್ಲೇ. ಮೇಲೆ ಫೈರ್ ಕ್ಲೇ (ಶಾಖ ತಡೆಯುವ ಜೇಡಿಮಣ್ಣು), ಪುಡಿ ಮಾಡಿದ ಹಳೇ ಫೈರ್ ಬ್ರಿಕ್ ಕಲಸಿದ ಮಣ್ಣು ನಡೆಯುತ್ತದೆ. ಒಣ ಪುಡಿ ಕಲಸುವಾಗ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ. ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಹೋಗುವುದಿಲ್ಲ. ಫೌಂಡ್ರಿಯಲ್ಲಿ ದುಡಿದು ಉಬ್ಬಸಪಡುವ ಹಿರಿಯರನ್ನು ನಾನು ಕಂಡಿದ್ದೇನೆ.

ನೆರಳಿನಲ್ಲಿ ಒಂದು ವಾರ ಒಣಗಲಿ. ಆಮೇಲೆ ದಿನಕ್ಕಿಷ್ಟು ಅಂತ ಚಿಕ್ಕ ಕಟ್ಟಿಗೆ ಬೆಂಕಿ, ಮೂರು ದಿನ. ಮೇಲಿಂದ ಹಬೆ ಬರುವುದು ನಿಂತ ಮೇಲೆ ಬೆಂಕಿ ಜೋರು ಮಾಡಿ. ಅವಸರ ಮಾಡಿದರೆ ಒಳಗಿನ ನೀರು ಹಬೆಯಾಗಿ ಗೋಡೆ ಸಿಡಿಯುತ್ತದೆ.

ಬೀಡು, ಕೋಕ್, ಸುಣ್ಣದ ಕಲ್ಲು

ಗುಜರಿಯಲ್ಲಿ ಸಿಗುವ ಹಳೇ ಹೊಲಿಗೆ ಮಷೀನಿನ ಕಾಲು, ಮೋಟರಿನ ಕವರ್, ಪುಲ್ಲಿ, ಬ್ರೇಕ್ ಡ್ರಮ್, ಕಬ್ಬಿನ ಗಾಣದ ಒಡೆದ ರೋಲರ್, ಇವೆಲ್ಲ ಒಳ್ಳೆಯ ಬೀಡು. ಸುತ್ತಿಗೆಯಲ್ಲಿ ಹೊಡೆದರೆ ಬಾಗದೆ ಒಡೆಯಬೇಕು, ಒಡೆದ ಜಾಗ ಬೂದು ಬಣ್ಣ ಇರಬೇಕು. ಗ್ರೈಂಡರ್‌ಗೆ ಹಿಡಿದರೆ ಬೀಡಿನ ಕಿಡಿ ಕೆಂಪಾಗಿ, ಗಿಡ್ಡವಾಗಿ ಇರುತ್ತದೆ, ಉಕ್ಕಿನದು ಬೆಳ್ಳಗೆ, ಉದ್ದ. ತುಂಡುಗಳು 80 ಮಿ.ಮೀ. ಮೀರದಿರಲಿ, ಅಂದರೆ ಒಳವ್ಯಾಸದ ಮೂರನೇ ಒಂದು. ಸತುವಿನ ಲೇಪ ಇದ್ದದ್ದು, ದಪ್ಪ ಪೇಂಟ್ ಬಳಿದದ್ದು, ಒಳಗೆ ಟೊಳ್ಳಾಗಿ ಮುಚ್ಚಿದ ಭಾಗ, ಒದ್ದೆಯಾದದ್ದು ಬೇಡವೇ ಬೇಡ.

ಕೋಕ್ ಅಂದರೆ ಫೌಂಡ್ರಿಗೆ ಮಾರುವ ಹಾರ್ಡ್ ಕೋಕ್. 25ರಿಂದ 40 ಮಿ.ಮೀ. ತುಂಡು ಮಾಡಿ, ಪುಡಿಯನ್ನು ಜರಡಿ ಹಿಡಿದು ತೆಗೆಯಿರಿ. ಪುಡಿ ಗಾಳಿಯ ದಾರಿ ಕಟ್ಟುತ್ತದೆ. ಇದ್ದಿಲಿನಲ್ಲಿ ಆಗುವುದಿಲ್ಲವಾ ಅಂತ ಕೇಳುತ್ತಾರೆ. 1923ರಲ್ಲಿ ಭದ್ರಾವತಿಯಲ್ಲಿ ಶುರುವಾದ ಮೈಸೂರು ಕಬ್ಬಿಣ ಕಾರ್ಖಾನೆಯ ಊದುಕುಲುಮೆ ನಡೆದದ್ದೇ ಮಲೆನಾಡಿನ ಇದ್ದಿಲಿನಲ್ಲಿ. ಇದ್ದಿಲಿನಲ್ಲಿ ಗಂಧಕ ಕಡಿಮೆ, ಬೀಡು ಒಳ್ಳೆಯದಾಗುತ್ತದೆ. ಆದರೆ ಅದು ಭಾರಕ್ಕೆ ಪುಡಿಯಾಗುತ್ತದೆ, ಬೇಗ ಉರಿಯುತ್ತದೆ, ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ. ಮೊದಲ ಕುಲುಮೆಗೆ ಕೋಕ್ ಇರಲಿ.

ಕೋಕ್‌ನ ಬೂದಿ, ಬೀಡಿನ ಜೊತೆ ಬಂದ ಮಣ್ಣು ಕರಗಿ ಹರಿಯಲು ಸುಣ್ಣದ ಕಲ್ಲು ಬೇಕು. ಕೋಕ್‌ನ ತೂಕದ ಐದನೇ ಒಂದು, ಕಡಲೆಕಾಯಿ ಗಾತ್ರದ ತುಂಡು. ಕರಾವಳಿಯವರಾದರೆ ಒಣಗಿದ ಕಪ್ಪೆಚಿಪ್ಪು ಹಾಕಬಹುದು, ಸುಣ್ಣ ಸುಡುವುದೂ ಅದರಿಂದಲೇ ತಾನೇ.

ಒಂದು ಸರದಿಯ, ಅಂದರೆ ಒಂದು ಸಲಕ್ಕೆ ಮೇಲಿಂದ ಹಾಕುವ ಸರಕಿನ ತೂಕ: ಕೋಕ್ 2.4 ಕೆ.ಜಿ., ಬೀಡು 12 ಕೆ.ಜಿ., ಸುಣ್ಣದ ಕಲ್ಲು 500 ಗ್ರಾಂ. 2.4 ಕೆ.ಜಿ. ಕೋಕ್ ಈ ಕೊಳವೆಯಲ್ಲಿ ಸುಮಾರು 100 ಮಿ.ಮೀ. ದಪ್ಪದ ಪದರ ಆಗುತ್ತದೆ. ಹಿಂದಿನ ದಿನವೇ ತೂಗಿ ಬಕೆಟ್‌ಗಳಲ್ಲಿ ಜೋಡಿಸಿಡಿ. ಕುಲುಮೆ ಮೂರೂವರೆ ನಿಮಿಷಕ್ಕೊಂದು ಸರದಿ ನುಂಗುತ್ತದೆ, ಆಗ ತೂಗಲು ಪುರುಸೊತ್ತು ಸಿಗುವುದಿಲ್ಲ.

ಕುಲುಮೆ ಹಚ್ಚುವ ದಿನ

ಬಯಲಿನಲ್ಲಿ, ಒಣ ಮರಳು ಹಾಸಿದ ನೆಲದ ಮೇಲೆ. ಕಾಂಕ್ರೀಟ್ ಮೇಲೆ ಬೇಡ. ಕರಗಿದ ಬೀಡು ಬಿದ್ದರೆ ಕಾಂಕ್ರೀಟಿನೊಳಗಿನ ತೇವ ಹಬೆಯಾಗಿ ಸಿಡಿಯುತ್ತದೆ. ಮಳೆಗಾಲದಲ್ಲಿ ಹಚ್ಚಲೇಬೇಡಿ. ಚರ್ಮದ ಏಪ್ರನ್, ಮುಖಕ್ಕೆ ಶೀಲ್ಡ್, ಲೇಸ್ ಇಲ್ಲದ ಚರ್ಮದ ಬೂಟು, ಬೂಟಿನ ಹೊರಗೆ ಇಳಿಬಿದ್ದ ಹತ್ತಿ ಪ್ಯಾಂಟು. ಪಾಲಿಯೆಸ್ಟರ್ ಬಟ್ಟೆ ಮೈಗೇ ಕರಗಿ ಅಂಟುತ್ತದೆ. ಕನಿಷ್ಠ ನಾಲ್ಕು ಜನ ಬೇಕು: ಒಬ್ಬರು ಸರಕು ಹಾಕಲು, ಒಬ್ಬರು ಬಾಯಿ ಬಿಚ್ಚಲು, ಇಬ್ಬರು ಲೇಡಲ್ (ಕರಗಿದ ಬೀಡು ಹಿಡಿದು ಹೊಯ್ಯುವ ಪಾತ್ರೆ) ಹಿಡಿಯಲು. ಪಕ್ಕದಲ್ಲಿ ಅನುಭವಿ ಮೇಸ್ತ್ರಿ ಒಬ್ಬರಿಲ್ಲದೆ ಮೊದಲ ಸಲ ಹಚ್ಚಬೇಡಿ ಅಂತ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ತಳದ ಬಾಗಿಲು ಮುಚ್ಚಿ, ಊರೆ ಕೊಟ್ಟು, ಅಚ್ಚಿನ ಮರಳನ್ನು ಹದವಾಗಿ ಕುಟ್ಟಿ. ಬೀಡು ಹೊರಬರುವ ತೂತಿನ ಕಡೆಗೆ ಇಳಿಜಾರು ಇರಲಿ. ತೂತು 18 ಮಿ.ಮೀ. ಸಾಕು. ಒಣ ಕಟ್ಟಿಗೆಯಿಂದ ಹಚ್ಚಿ, ಟ್ವಿಯರ್ ಮುಚ್ಚಳಗಳನ್ನು ತೆರೆದಿಟ್ಟು, ಕೋಕ್ ಸ್ವಲ್ಪಸ್ವಲ್ಪ ಸೇರಿಸಿ. ಮೇಲಿನವರೆಗೂ ಕೆಂಪಾಗಲು ಗಂಟೆ ಹಿಡಿಯುತ್ತದೆ. ಕೊನೆಗೆ ಕೆಂಡದ ಮಟ್ಟ ಟ್ವಿಯರ್‌ಗಿಂತ 600 ಮಿ.ಮೀ. ಮೇಲಿರಬೇಕು. ಕಣ್ಣಂದಾಜು ಸಾಲದು, ಗುರುತು ಹಾಕಿದ ಸರಳು ಇಳಿಸಿ ಅಳೆಯಿರಿ. ಇಷ್ಟಕ್ಕೆ ಸುಮಾರು 20 ಕೆ.ಜಿ. ಕೋಕ್ ಹೋಗುತ್ತದೆ.

ಅದರ ಮೇಲೆ ಬೀಡು, ಕೋಕ್, ಸುಣ್ಣದ ಕಲ್ಲು ಸರದಿಯಂತೆ ಕೊಳವೆಯ ಮೇಲ್ತುದಿವರೆಗೂ ತುಂಬಿ, ಕಾಲು ಗಂಟೆ ಕಾಯಲು ಬಿಡಿ. ಆಮೇಲೆ ಬ್ಲೋವರ್ ಹಾಕಿ, ಮುಚ್ಚಳ ಮುಚ್ಚಿ, ಗಡಿಯಾರ ನೋಡಿ.

ಟ್ವಿಯರ್ ಗಾಜಿನಲ್ಲಿ ಕಣ್ಣಿಟ್ಟರೆ ಮೊದಲು ಕಾಣುವುದು ಬೆಳ್ಳಗೆ ಉರಿಯುವ ಕೋಕ್. ಏಳೆಂಟು ನಿಮಿಷಕ್ಕೆ ಅದರ ಮುಂದೆ ಹೊಳೆಯುವ ಹನಿಯೊಂದು ಜಾರುತ್ತದೆ, ಹಿಂದೆಯೇ ಇನ್ನೊಂದು. ಸೂರಿನಿಂದ ಮಳೆಹನಿ ಬಿದ್ದ ಹಾಗೆ. ಆ ಮೊದಲ ಹನಿ ಬಿದ್ದ ಹೊತ್ತನ್ನು ಬರೆದಿಡಿ. ನಾಲ್ಕು ನಿಮಿಷದೊಳಗೆ ಬಂದರೆ ಕೆಂಡದ ಹಾಸು ತಗ್ಗಾಗಿದೆ, ಬೀಡು ಗಾಳಿಯ ಹತ್ತಿರವೇ ಕರಗಿ ಸಿಲಿಕಾನ್ ಸುಟ್ಟುಕೊಳ್ಳುತ್ತದೆ. ಮುಂದಿನ ಸರದಿಯಲ್ಲಿ ಕೋಕ್ ಜಾಸ್ತಿ ಹಾಕಿ. ಹನ್ನೆರಡು ನಿಮಿಷ ದಾಟಿದರೆ ಹಾಸು ಎತ್ತರವಾಗಿದೆ.

ಮೊದಲು ಹರಿದುಬರುವ ಬೀಡು ತಣ್ಣಗಿರುತ್ತದೆ. ತೂತು ತೆರೆದೇ ಇಟ್ಟು ಅದನ್ನು ಮರಳಿಗೆ ಹರಿಯಬಿಡಿ. ಹರಿವು ಬೆಳ್ಳಗೆ, ತೆಳ್ಳಗೆ ಆದ ಮೇಲೆ ಫೈರ್ ಕ್ಲೇಗೆ ಮರದ ಪುಡಿ ಕಲಸಿದ ಮಣ್ಣಿನ ಮೊಳೆಯನ್ನು ಕೋಲಿನ ತುದಿಗೆ ಅಂಟಿಸಿ ತೂತು ಮುಚ್ಚಿ. ಆರು ನಿಮಿಷ. ಅಷ್ಟರಲ್ಲಿ ಲೇಡಲ್ ಕೆಂಪಗೆ ಕಾದಿರಬೇಕು. 170 ಮಿ.ಮೀ. ಅಗಲ, ಅಷ್ಟೇ ಆಳದ ಲೇಡಲ್ 20 ಕೆ.ಜಿ.ಗೆ ಮುಕ್ಕಾಲು ತುಂಬುತ್ತದೆ. ಮೊನಚಾದ ಸರಳಿನಿಂದ ಮಣ್ಣಿನ ಮೊಳೆ ಕೆದಕಿ ಬಿಚ್ಚಿ.

ಕಾವಲಿಯಂಥ ತೆಳು ಎರಕಕ್ಕೆ ಒಂದು ಸಣ್ಣ ಉಪಾಯ ಇದೆ. ಬೀಡು ಲೇಡಲ್‌ಗೆ ಬೀಳುವಾಗಲೇ 50 ಗ್ರಾಂ ಫೆರೋಸಿಲಿಕಾನ್ (ಕಬ್ಬಿಣ, ಸಿಲಿಕಾನ್ ಸೇರಿದ ಮಿಶ್ರಲೋಹ) ಪುಡಿ ಹಾಕಿ. ಇಲ್ಲದಿದ್ದರೆ ತೆಳು ಅಂಚು ಬೇಗ ತಣಿದು ಬಿಳಿ ಬೀಡಾಗುತ್ತದೆ, ಡ್ರಿಲ್ ಇಳಿಯುವುದಿಲ್ಲ, ಬಿದ್ದರೆ ಗಾಜಿನಂತೆ ಒಡೆಯುತ್ತದೆ. ಹೊಯ್ಯುವ ಮುನ್ನ ಬೆಣೆ ಆಕಾರದ ಚಿಕ್ಕ ಅಚ್ಚಿಗೆ ಸ್ವಲ್ಪ ಸುರಿದು, ತಣಿಸಿ, ಒಡೆದು ನೋಡಿ. ಚೂಪು ತುದಿಯಲ್ಲಿ ಬಿಳಿ ಗೆರೆ ಉದ್ದವಿದ್ದರೆ ಮುಂದಿನ ಲೇಡಲ್‌ಗೆ ಪುಡಿ ಸ್ವಲ್ಪ ಹೆಚ್ಚಿಸಿ.

ಕಿಟ್ಟವನ್ನೂ ಗಮನಿಸುತ್ತಿರಿ. ಹಸಿರು ಬಾಟಲಿ ಗಾಜಿನಂತೆ ಹೊಳೆದರೆ ಸರಿ. ಕಪ್ಪಗೆ, ಭಾರವಾಗಿ ಬಂದರೆ ಬೀಡು ಸುಡುತ್ತಿದೆ, ಗಾಳಿ ಜಾಸ್ತಿಯಾಗಿದೆ ಇಲ್ಲವೇ ಹಾಸು ತಗ್ಗಿದೆ.

ಕರೆಂಟ್ ಹೋದರೆ

ಇದನ್ನು ಬೇರೆಯಾಗಿ ಬರೆಯಲು ಕಾರಣ ಇದೆ. ನನ್ನ ಎರಡನೇ ಕುಲುಮೆಯಲ್ಲಿ ನಾಲ್ಕನೇ ಲೇಡಲ್ ತುಂಬುವಾಗ ಕರೆಂಟ್ ಹೋಯಿತು. ಜನರೇಟರ್ ಇಟ್ಟಿರಲಿಲ್ಲ. ನಾನು ಸ್ವಿಚ್ ಕಡೆ ಓಡಿದೆ. ಮೇಸ್ತ್ರಿ ಓಡಿದ್ದು ಟ್ವಿಯರ್ ಮುಚ್ಚಳಗಳ ಕಡೆಗೆ. ನಾಲ್ಕನ್ನೂ ತೆರೆದ ಮೇಲೇ ನನಗೆ ಕಾರಣ ಹೇಳಿದರು. ಗಾಳಿ ನಿಂತ ಕೂಡಲೇ ಕುಲುಮೆಯೊಳಗಿನ ಕಾರ್ಬನ್ ಮಾನಾಕ್ಸೈಡ್ ಹಿಂದಕ್ಕೆ ಸರಿದು ಗಾಳಿಪೆಟ್ಟಿಗೆ, ಪೈಪು, ಬ್ಲೋವರ್ ಎಲ್ಲ ತುಂಬಿಕೊಳ್ಳುತ್ತದೆ. ಆಮೇಲೆ ಸ್ವಿಚ್ ಹಾಕಿದರೆ ಅದು ಗಾಳಿ ಜೊತೆ ಬೆರೆತು ಸ್ಫೋಟಿಸುತ್ತದೆ. ಕ್ರಮ ಹೀಗೆ: ಗಾಳಿ ನಿಂತರೆ ಮೊದಲು ಮುಚ್ಚಳ ತೆರೆಯಿರಿ, ಬ್ಲೋವರ್ ಗೇಟ್ ಮುಚ್ಚಿ, ಬಾವಿಯ ಬೀಡನ್ನು ಹೊರಗೆ ಬಿಡಿ. ಮತ್ತೆ ಶುರು ಮಾಡುವಾಗ ಮುಚ್ಚಳ ತೆರೆದಿಟ್ಟೇ ಬ್ಲೋವರ್ ಹಾಕಿ, ಗೇಟ್ ಬಿಚ್ಚಿ, ಒಂದು ನಿಮಿಷ ಗಾಳಿ ಹೊರಹೋದ ಮೇಲೆ ಮುಚ್ಚಳ ಮುಚ್ಚಿ.

ಅಂದು ಬೀಡನ್ನು ಹೊರಗೆ ಬಿಡುವುದು ತಡವಾಯಿತು. ಬಾವಿಯಲ್ಲಿ ಗಡ್ಡೆ ಕಟ್ಟಿತು. ಎರಡು ದಿನ ಉಳಿ ಹಿಡಿದು ಕಡಿದೆವು, ಒಳಗೋಡೆಯೂ ಜೊತೆಗೆ ಹೋಯಿತು. ಈಗ ಜನರೇಟರ್ ಓಡುತ್ತಿರದೆ ನಾನು ಕುಲುಮೆಗೆ ಬೆಂಕಿ ಇಡುವುದಿಲ್ಲ.

ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಮೇಲೆ ನಿಂತು ಸರಕು ಹಾಕುವವರಿಗೆ ತಲೆನೋವು ಬಂದರೆ ತಕ್ಷಣ ಕೆಳಗಿಳಿಸಿ, ಬೇರೆಯವರನ್ನು ನಿಲ್ಲಿಸಿ. ಗಾಳಿ ಬೀಸುವ ದಿಕ್ಕು ನೋಡಿ ಅಟ್ಟಣಿಗೆ ಹಾಕಬೇಕು. ವ್ಯಾಪಾರಕ್ಕೆ ಎರಕ ಹೊಯ್ಯುವುದಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಮೊದಲೇ ಪಡೆಯಿರಿ.

ತಳ ಬಿಚ್ಚುವುದು

ಕೊನೆಯ ಸರದಿ ಕರಗಿದ ಮೇಲೆ ಬೀಡು, ಕಿಟ್ಟ ಎರಡನ್ನೂ ಪೂರ್ತಿ ಹೊರಗೆ ಬಿಡಿ. ಟ್ವಿಯರ್ ಮುಚ್ಚಳ ತೆರೆದು ಬ್ಲೋವರ್ ನಿಲ್ಲಿಸಿ. ಕೆಳಗಿನ ಮರಳು ಒಣಗಿದೆಯಾ ಅಂತ ಇನ್ನೊಮ್ಮೆ ನೋಡಿ. ಎಲ್ಲರೂ ದೂರ ಸರಿದ ಮೇಲೆ ಕೊಕ್ಕೆ ಹಾಕಿ ಊರೆ ಎಳೆಯಿರಿ. ಕೆಂಡ, ಕಿಟ್ಟ, ಅರೆಕರಗಿದ ಬೀಡು ಒಟ್ಟಿಗೆ ಧೊಪ್ಪನೆ ಬೀಳುತ್ತದೆ. ಅದಕ್ಕೆ ನೀರು ಹಾಕಬೇಡಿ. ಸರಳಿನಿಂದ ಹರಡಿ, ಒಣ ಮರಳು ಮುಚ್ಚಿ, ರಾತ್ರಿಯಿಡೀ ಬಿಡಿ.

ಮರುದಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಟ್ವಿಯರ್ ಮೇಲೆ ಒಂದು ಗೇಣು ಎತ್ತರದಲ್ಲಿ ಗೋಡೆ ಒಳಗೆ ಕೊರೆದ ಹಾಗೆ ಸವೆದಿರುತ್ತದೆ. ಅಂಟಿದ ಕಿಟ್ಟವನ್ನು ಉಳಿಯಿಂದ ಕೆತ್ತಿ, ಗೋಡೆಗೆ ನೀರು ಚಿಮುಕಿಸಿ, ಫೈರ್ ಕ್ಲೇ ಮಣ್ಣನ್ನು ಕೈಯಿಂದ ಒತ್ತಿ ತುಂಬಿ. 250 ಮಿ.ಮೀ. ವ್ಯಾಸದ ಹಲಗೆ ಬಿಲ್ಲೆಯೊಂದನ್ನು ಒಳಗೆ ಇಳಿಸುತ್ತಾ ಹೋಗಿ. ಎಲ್ಲೂ ಸಡಿಲ ಕಾಣದೆ, ಎಲ್ಲೂ ಸಿಕ್ಕಿಕೊಳ್ಳದೆ ಕೆಳಗಿನವರೆಗೆ ಇಳಿದರೆ ಗೋಡೆ ಮತ್ತೆ ಸಿದ್ಧ. ಅದು ಒಣಗುವಷ್ಟರಲ್ಲಿ ಕೆಳಗೆ ಬಿದ್ದ ರಾಶಿ ಆರಿರುತ್ತದೆ. ಅದರಲ್ಲಿನ ಬೀಡಿನ ತುಂಡು, ಉರಿಯದ ಕೋಕ್ ಆಯ್ದು ಬಕೆಟ್‌ಗಳಿಗೆ ಹಾಕಿಡಿ.